ದಿನಕ್ಕೆ ಹತ್ತು ಪದ: ಕಿಟೆಲ್ ಅವರ ಬದುಕು

ಈ ಸಂಚಿಕೆಯ ಹಿರಿಯರ ಬದುಕಿನ ಬರಹ ನಮ್ಮ ಪಾಲಿಗೆ ಬಂದಿದೆ. ನಾವು ಅಂದ್ರೆ ಮೂರು ಮಂದಿ: ಹಾವೇರಿಯವರು ಒಬ್ಬರು, ರಾಣೆಬೆನ್ನೂರಿನವರು ಒಬ್ಬರು, ಬ್ಯಾಡಗಿಯವರು ಒಬ್ಬರು. ಟೈಪ್ ಮಾಡ್ತಿರೋದು ಒಬ್ಬರೇ ಆದರೂ ಓದಿದ್ದು, ಜಗಳಾಡಿದ್ದು, ಕಡೆಗೆ ಒಪ್ಪಿಕೊಂಡಿದ್ದು ಮೂವರೂ ಕೂಡಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವರು ನಾವು. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ರಿ.

ಮೊದಲು ಕಿಟೆಲ್ ಬಗ್ಗೆ ಬರೆಯೋ ಯೋಚನೆ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಏನು ಕಡಿಮೆ? ಬಾಡದ ಕನಕದಾಸರು ಇದ್ದಾರೆ, ಶಿಶುನಾಳದ ಶರೀಫರು ಇದ್ದಾರೆ, ಸರ್ವಜ್ಞ ಇದ್ದಾನೆ. ಯೋಚನೆ ಬದಲಾಗಿದ್ದು ರಾಣೆಬೆನ್ನೂರಿನ ಒಂದು ಮನೆಯಲ್ಲಿ. ನಮ್ಮ ಕ್ಲಾಸಿನ ಗೆಳತಿಯೊಬ್ಬಳ ಅಪ್ಪ ಕಳೆದ ಸೆಮಿಸ್ಟರ್ ನಡುವೆ ಇದ್ದಕ್ಕಿದ್ದಂತೆ ತೀರಿಕೊಂಡರು. ಅವರದು ಕ್ರೈಸ್ತ ಮನೆತನ. ಮಣ್ಣು ಮಾಡಿ ಬಂದ ಮೂರನೇ ದಿನ ನಾವು ಮಾತಾಡಿಸಿ ಬರೋಣ ಅಂತ ಹೋದೆವು. ಏನು ಮಾತಾಡಬೇಕು ಅಂತ ಬಸ್ಸಿನಲ್ಲೇ ತಲೆ ಕೆಡಿಸಿಕೊಂಡಿದ್ದೆವು. ಸಂಜೆ ಏಳಾಗುತ್ತಿದ್ದಂತೆ ಅಜ್ಜಿ ಎದ್ದು ಮುಖ ತೊಳೆದು, ತಲೆ ಮೇಲೆ ಸೆರಗು ಹೊದ್ದು, ಹಾಡಿನ ಪುಸ್ತಕ ತಗೊಂಡು ಕೂತರು. ಮನೆಮಂದಿಯೆಲ್ಲ ಸುತ್ತ ಕೂತು ಹಾಡಿದರು. ಸತ್ಯವೇದದಿಂದ ಒಂದು ಕೀರ್ತನೆ ಓದಿದರು. ಆಮೇಲೆ ಅಜ್ಜಿ ಬೆಳಗಿನಿಂದ ಸಂಜೆವರೆಗೆ ಮನೆಗೆ ಬಂದುಹೋದವರ ಹೆಸರು ಒಂದೊಂದಾಗಿ ಹೇಳಿ ದೇವರಿಗೆ ಥ್ಯಾಂಕ್ಸ್ ಹೇಳಿದರು, ನಮ್ಮ ಮೂವರ ಹೆಸರೂ ಸೇರಿಸಿ. ಪ್ರಾರ್ಥನೆ ಮುಗಿದಾಗ ಅವರ ಮುಖದಲ್ಲಿ ಏನೋ ಒಂದು ಬೆಳಕು ಇತ್ತು. ನಗು ಅಂತ ಹೇಳೋಕೆ ಆಗಲ್ಲ, ಆದರೆ ದುಃಖ ಅಷ್ಟೇ ಅಂತಲೂ ಹೇಳೋಕೆ ಆಗಲ್ಲ. ಎದ್ದವರೇ ನಮಗೆ ಊಟಕ್ಕೆ ರೊಟ್ಟಿ ಬಡಿಯಲಿಕ್ಕೆ ಹೋದರು.

ನಮಗೆ ಇದು ಅರ್ಥವಾಗಲಿಲ್ಲ. ಮಗ ಹೋದ ಮೂರೇ ದಿನಕ್ಕೆ ಇದು ಹೆಂಗೆ ಸಾಧ್ಯ ಅಂತ ವಾಪಸ್ ಬರುವಾಗ ಒಬ್ಬರಿಗೊಬ್ಬರು ಕೇಳಿಕೊಂಡೆವು. ಆ ಮನೆಯ ಕಪಾಟಿನಲ್ಲಿ ಸತ್ಯವೇದದ ಪಕ್ಕ ಒಂದು ದಪ್ಪ ನಿಘಂಟು ಇತ್ತು, ಕಿಟೆಲ್ ಅಂತ ರಟ್ಟಿನ ಮೇಲೆ ಬರೆದಿದ್ದು. ತೀರಿಕೊಂಡ ಅಪ್ಪ ಮೇಷ್ಟ್ರು, ಅವರದೇ ಪುಸ್ತಕ. ಆ ಹೆಸರು ಹಿಡಿದು ಓದುತ್ತಾ ಹೋದೆವು. ಓದಿದಷ್ಟೂ ಅಜ್ಜಿಯ ಸಂಜೆಯ ಹತ್ತಿರಕ್ಕೇ ಬಂದಂಗಾಯ್ತು.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರಿಸಿಯಾ ಸೀಮೆಯ ರೆಸ್ಟರ್‌ಹಾಫೆ ಅನ್ನೋ ಸಣ್ಣ ಹಳ್ಳಿಯಲ್ಲಿ. ಉತ್ತರ ಸಮುದ್ರದ ದಂಡೆಗೆ ಹತ್ತಿರದ ಊರು, ನೆಲ ಸಪಾಟು, ಗಾಳಿ ಜೋರು. ಅಪ್ಪ ಊರ ಚರ್ಚಿನ ಪಾಸ್ಟರ್. ಪಾಸ್ಟರ್ ಮನೆಯಲ್ಲಿ ಹುಟ್ಟಿದವರಿಗೆ ದಿನದ ಲೆಕ್ಕ ಗಡಿಯಾರದಿಂದಲ್ಲ, ಪ್ರಾರ್ಥನೆಯಿಂದ. ಎದ್ದ ಕೂಡಲೇ ಒಂದು, ಊಟಕ್ಕೆ ಮುಂಚೆ ಒಂದು, ಮಲಗೋಕೆ ಮುಂಚೆ ಒಂದು. ಹಾಡಂತೂ ಇದ್ದೇ ಇರುತ್ತಿತ್ತು. ನಮ್ಮ ಕಡೆ ಮಠದ ಹತ್ತಿರದ ಮನೆಗಳಲ್ಲಿ ಪೂಜೆಯ ಗಂಟೆ ಹೆಂಗೋ ಹಂಗೆ.

1850ರಲ್ಲಿ ಹದಿನೆಂಟು ವಯಸ್ಸಿನ ಹುಡುಗ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಅಲ್ಲಿನ ಮಿಷನ್ ಸೆಮಿನರಿ ಸೇರಿದರು. ಅಂದ್ರೆ ನಮಗಿಂತ ಒಂದು ವರ್ಷ ಚಿಕ್ಕವರು. ಬಾಸೆಲ್ ಮಿಷನ್ 1815ರಲ್ಲಿ ಶುರುವಾದ ಸಂಸ್ಥೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಬೆಳಗ್ಗೆ ಬೇಗ ಎದ್ದು ಪ್ರಾರ್ಥನೆ, ಆಮೇಲೆ ಗ್ರೀಕ್, ಹೀಬ್ರೂ ಪಾಠ, ಜೊತೆಗೆ ಕೈಕೆಲಸ. ನಮ್ಮ ವರ್ಕ್‌ಶಾಪ್ ಲ್ಯಾಬ್ ಇದ್ದಂಗೆ ಅಂದುಕೊಳ್ರಿ, ಹಾಜರಾತಿಯಲ್ಲಿ ಮಾತ್ರ ನಮಗಿಂತ ಭಾಳ ಬಿಗಿ. ಹೊರಗಿನವರಿಗೆ ಅದು ಜೈಲಿನಂಗೆ ಕಂಡೀತು. ಒಳಗಿದ್ದವರಿಗೆ ಅದೇ ಶಿಸ್ತು ಮುಂದೆ ಸಾವಿರಾರು ಮೈಲಿ ದೂರದಲ್ಲಿ ಒಬ್ಬಂಟಿಯಾದಾಗ ಊರುಗೋಲಾಯ್ತು.

1853ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಕಿಟೆಲ್ ಭಾರತಕ್ಕೆ ಬಂದರು. ಸೂಯೆಜ್ ಕಾಲುವೆ ಶುರುವಾದದ್ದು 1869ರಲ್ಲಿ, ಹಂಗಾಗಿ ಪ್ರಯಾಣ ಎಷ್ಟು ಕಷ್ಟದ್ದಿತ್ತು ನೀವೇ ಊಹಿಸಿಕೊಳ್ರಿ. ಅವರನ್ನು ಕಳಿಸಿದ್ದು ಧಾರವಾಡಕ್ಕೆ. ಬಾಸೆಲ್ ಮಿಷನ್‌ನ ಮೊದಲ ಮೂವರು 1834ರಲ್ಲೇ ಮಂಗಳೂರಿಗೆ ಬಂದಿಳಿದಿದ್ದರು. ಅಲ್ಲಿಂದ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಅಂತ ಕೇಂದ್ರಗಳನ್ನು ಕಟ್ಟಿಕೊಂಡಿದ್ದರು. ಆಗ ನಮ್ಮ ಈ ಭಾಗಕ್ಕೆಲ್ಲ ಇಂಗ್ಲಿಷರು ಇಟ್ಟ ಹೆಸರು ದಕ್ಷಿಣ ಮರಾಠಾ ಸೀಮೆ. ಕನ್ನಡ ಮಾತಾಡೋ ನೆಲಕ್ಕೆ ಮರಾಠಾ ಅಂತ ಹೆಸರು! ಹಾವೇರಿ ಆಗ ಜಿಲ್ಲೆ ಅಲ್ಲ, ಅದು ಆಗಿದ್ದು 1997ರಲ್ಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆಯೊಳಗೆ. ನಾವು ಹಬ್ಬಕ್ಕೆ ಊರಿಗೆ ಹೋಗೋ ರೈಲು ಹಳಿ ಕೂಡ ಬಂದಿದ್ದು 1880ರ ದಶಕದಲ್ಲಿ. ಕಿಟೆಲ್ ಬಂದಾಗ ಇಲ್ಲಿ ಓಡಾಡಬೇಕು ಅಂದ್ರೆ ಕುದುರೆ, ಎತ್ತಿನ ಗಾಡಿ, ಇಲ್ಲಾ ಎರಡು ಕಾಲು.

ಕಿಟೆಲ್ ಕಾಲನ್ನೇ ಆರಿಸಿಕೊಂಡರು. ಇಲ್ಲಿಂದ ಅವರ ಬದುಕು ನಮಗೆ ಇಂಟರೆಸ್ಟಿಂಗ್ ಅನಿಸಿತು. ಹಿಂದೂಸ್ತಾನದವರ ನಡುವೆ ಬದುಕಬೇಕು ಅಂದ್ರೆ ಅವರಂಗೇ ಇರಬೇಕು ಅಂತ ಈ ಹುಡುಗನ ಹಟ. ದೊಡ್ಡ ಬಂಗಲೆ, ಕುದುರೆ, ಸಾಹೇಬರ ಗತ್ತು ಬ್ಯಾಡ ಅಂತ ಹಳ್ಳಿ ಹಳ್ಳಿ ನಡೆದು, ಜನರ ಜೊತೆ ಕೂತು ಮಾತು ಕಲಿತರು. ಜೊತೆಯ ಮಿಷನರಿಗಳಿಗೆ ಇದು ಸರಿಬರಲಿಲ್ಲ. ಮಿಷನ್ನಿನ ಮೇಲಿನವರಿಗೆ ನಿಯಮ ಮುಖ್ಯ. ಎಲ್ಲರೂ ಒಂದೇ ತರ ಇರಬೇಕು, ಒಬ್ಬ ಬೇರೆ ದಾರಿ ಹಿಡಿದರೆ ಅದು ಅಹಂಕಾರ ಅಂತ ಲೆಕ್ಕ. ಒಂಟಿ ಹುಡುಗ, ಪರದೇಶ, ತನ್ನವರೇ ತನ್ನನ್ನು ವಿಚಿತ್ರ ಅನ್ನೋ ಪರಿಸ್ಥಿತಿ. ಹಾಸ್ಟೆಲಿಗೆ ಬಂದ ಮೊದಲ ವಾರ ಊಟದ ಟೇಬಲ್ಲಿನಲ್ಲಿ ಒಬ್ಬರೇ ಕೂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ ಕಡೆಯಿಂದ ಅವರನ್ನು ಬೇರೆ ಕಡೆ ಹಾಕಲಾಯಿತು. ನೀಲಗಿರಿಯಲ್ಲಿ ಸ್ವಲ್ಪ ಕಾಲ ಇದ್ದು ಆಮೇಲೆ ಮಂಗಳೂರಿಗೆ ಬಂದರು.

ಮಂಗಳೂರು ಆಗ ಬಾಸೆಲ್ ಮಿಷನ್ನಿನ ಕಾರ್ಖಾನೆ ಇದ್ದಂಗೆ. ಎಂಜಿನಿಯರಿಂಗ್ ಓದೋ ನಾವು ಈ ಭಾಗ ಓದುವಾಗ ಸ್ವಲ್ಪ ಹೆಚ್ಚೇ ಉಬ್ಬಿದೆವು. 1841ರಲ್ಲಿ ಅಲ್ಲಿ ಮುದ್ರಣಾಲಯ ಶುರುವಾಗಿತ್ತು. 1843ರಲ್ಲಿ ಮೋಗ್ಲಿಂಗ್ ಅವರ ಕೈಯಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಬಂದಿತ್ತು. ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಅನ್ನೋರು ಖಾಕಿ ಬಣ್ಣದ ಬಟ್ಟೆ ತಯಾರಿಸಿದರು. 1865ರಲ್ಲಿ ಪ್ಲೆಬ್ಸ್ಟ್ ಅನ್ನೋರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಅಂತ ನಮ್ಮೂರ ಹಳೆ ಮನೆಗಳ ಮೇಲೆ ಕಾಣೋದು ಇದೆಯಲ್ಲ, ಅದರ ಮೂಲ ಅಲ್ಲಿದೆ. ಕಿಟೆಲ್ ಹಂಚು ಮಾಡಲಿಲ್ಲ, ಬಟ್ಟೆ ನೇಯಲಿಲ್ಲ. ಅವರು ಪದ ಹೆಕ್ಕಿದರು. ಆದರೆ ಆ ಅಚ್ಚಿನ ಮೊಳೆ, ಆ ಮುದ್ರಣಾಲಯ ಇಲ್ಲದಿದ್ದರೆ ಅವರು ಹೆಕ್ಕಿದ್ದು ಪುಸ್ತಕವಾಗುತ್ತಿರಲಿಲ್ಲ.

ಅಲ್ಲಿದ್ದಾಗ 1862ರಲ್ಲಿ ಕಥಾಮಾಲೆ ಅನ್ನೋ ಪುಸ್ತಕ ಬಂತು. ಯೇಸುವಿನ ಬದುಕಿನ ಕಥೆಗಳನ್ನು ಕನ್ನಡದ ಛಂದಸ್ಸಿನಲ್ಲಿ ಬರೆದದ್ದು. ಅಂದ್ರೆ ಜರ್ಮನ್ ಹಾಡಿನ ಮಟ್ಟಿಗೆ ಕನ್ನಡ ಪದ ತುರುಕಿದ್ದಲ್ಲ. ಇಲ್ಲಿನ ಜನ ಜೈಮಿನಿ ಭಾರತ ಹೆಂಗೆ ರಾಗವಾಗಿ ಓದುತ್ತಿದ್ದರೋ ಹಂಗೇ ಓದೋಕೆ ಬರಬೇಕು ಅನ್ನೋದು ಅವರ ಆಸೆ. ಕನ್ನಡದಲ್ಲಿ ಕ್ರೈಸ್ತ ಹಾಡುಗಳನ್ನೂ ಬರೆದರು. ನಮಗನಿಸೋದು, ಅವರು ಕನ್ನಡ ಕಲಿತದ್ದು ಬೇರೆಯವರಿಗೆ ಉಪದೇಶ ಮಾಡೋಕೆ ಆದರೂ, ಹಾಡು ಬರೆಯೋ ಹೊತ್ತಿಗೆ ಅದು ಅವರದೇ ಪ್ರಾರ್ಥನೆಯ ಭಾಷೆ ಆಗಿಬಿಟ್ಟಿತ್ತು. ಒಂದು ಭಾಷೆಯಲ್ಲಿ ಲೆಕ್ಕ ಮಾಡಬಹುದು, ವ್ಯಾಪಾರ ಮಾಡಬಹುದು. ದೇವರ ಹತ್ತಿರ ಅಳಬೇಕಾದಾಗ ಆ ಭಾಷೆ ಬಾಯಿಗೆ ಬಂದರೆ ಅದು ಬೇರೆಯೇ ಮಾತು.

ಅಳೋ ಹೊತ್ತು ಬಂದೇ ಬಂತು. ಬಾಸೆಲ್ ಮಿಷನ್ನಿನಲ್ಲಿ ಮದುವೆಗೂ ಅನುಮತಿ ಬೇಕು. ಹೊಸದಾಗಿ ಬಂದವರು ವರ್ಷಗಟ್ಟಲೆ ಕಾಯಬೇಕು, ಕಮಿಟಿ ಒಪ್ಪಬೇಕು, ಎಷ್ಟೋ ಸಲ ಹುಡುಗಿಯನ್ನು ಮೊದಲು ನೋಡೇ ಇರುತ್ತಿರಲಿಲ್ಲ. ಹಡಗು ಇಳಿದು ಬಂದ ಮೇಲೇ ಮುಖ ನೋಡೋದು. ನಮ್ಮ ಅಜ್ಜಂದಿರ ಕಾಲದ ಮದುವೆಯೇ ವಾಸಿ, ಬೀಗರ ಊರಾದರೂ ಹತ್ತಿರ ಇರುತ್ತಿತ್ತು. 1860ರಲ್ಲಿ ಕಿಟೆಲ್ ಮತ್ತು ಪೌಲಿನ್ ಐಟ್ ಅವರ ಮದುವೆ ಆಯ್ತು. ಎರಡು ಗಂಡುಮಕ್ಕಳು. 1864ರಲ್ಲಿ ಪೌಲಿನ್ ತೀರಿಕೊಂಡರು. ನಾಲ್ಕು ವರ್ಷದ ಸಂಸಾರ ಅಷ್ಟೇ. ಕಿಟೆಲ್ ಆಗ ಮೂವತ್ತೆರಡರವರು, ಕೈಯಲ್ಲಿ ಎರಡು ಸಣ್ಣ ಕೂಸುಗಳು.

ಇಲ್ಲಿ ನಾವು ಸ್ವಲ್ಪ ನಿಲ್ಲುತ್ತೇವೆ. ಆ ಕಾಲದ ಬಾಸೆಲ್ ಮನೆಗಳಲ್ಲಿ ದಿನ ಹೆಂಗೆ ಸಾಗುತ್ತಿತ್ತು ಅಂತ ಹುಡುಕಿದೆವು. ಬೆಳಗ್ಗೆ ಎದ್ದ ಮೇಲೆ ಆ ದಿನದ ವಾಕ್ಯ. ಹರ್ನ್‌ಹುಟ್ ಅನ್ನೋ ಊರಿನವರು 1731ರಿಂದ ವರ್ಷದ ಪ್ರತಿ ದಿನಕ್ಕೂ ಬೈಬಲ್ಲಿನ ಒಂದು ವಾಕ್ಯ ಆರಿಸಿ ಪುಸ್ತಕ ಮಾಡುತ್ತಾ ಬಂದಿದ್ದಾರೆ, ಇವತ್ತಿಗೂ ಬರುತ್ತದೆ. ಜರ್ಮನ್ ಭಕ್ತರ ಮನೆಗಳಲ್ಲಿ ಅದು ಕ್ಯಾಲೆಂಡರ್ ಇದ್ದಂಗೆ. ಸಮುದ್ರದ ಆಚೆ ಅಪ್ಪ ಅಮ್ಮ, ಇಲ್ಲಿ ಮಗ, ಇಬ್ಬರೂ ಒಂದೇ ದಿನ ಒಂದೇ ವಾಕ್ಯ ಓದಬಹುದಿತ್ತು. ಕಾಗದ ಬರೋಕೆ ತಿಂಗಳುಗಟ್ಟಲೆ ಹಿಡಿಯೋ ಕಾಲದಲ್ಲಿ ಇದೇ ಅವರ ವಿಡಿಯೋ ಕಾಲ್. ಆಮೇಲೆ ಕೆಲಸದವರೂ ಸೇರಿ ಮನೆ ಪ್ರಾರ್ಥನೆ, ಒಂದು ಹಾಡು. ಊಟದ ಮುಂಚೆ ಎರಡು ಮಾತು. ಸಂಜೆ ಮತ್ತೆ ಹಾಡು. ಭಾನುವಾರ ಆರಾಧನೆ, ಅವತ್ತು ಉಳಿದ ಕೆಲಸಕ್ಕೆಲ್ಲ ರಜಾ. ವರ್ಷದಲ್ಲಿ ಶುಭ ಶುಕ್ರವಾರ, ಈಸ್ಟರ್, ಕ್ರಿಸ್ಮಸ್.

ಇದರಲ್ಲಿ ದೊಡ್ಡದು ಯಾವುದೂ ಇಲ್ಲ. ಪವಾಡ ಇಲ್ಲ, ಕನಸಿನಲ್ಲಿ ದರ್ಶನ ಇಲ್ಲ. ಆದರೆ ಹೆಂಡತಿ ಸತ್ತ ಮಾರನೇ ದಿನವೂ ಬೆಳಗಿನ ವಾಕ್ಯ ಬಂದೇ ಬರುತ್ತದೆ. ಮಕ್ಕಳಿಗೆ ಊಟ ಬಡಿಸುವಾಗ ಕೈ ಮುಗಿಯಲೇಬೇಕು, ಇಲ್ಲದಿದ್ದರೆ ಕೂಸು ಕೇಳುತ್ತದೆ. ಸಂಜೆ ಹಾಡು ಶುರು ಮಾಡೋಕೆ ಯಾರಾದರೂ ದನಿ ಎತ್ತಲೇಬೇಕು. ಮೊದಲ ದಿನ ಗಂಟಲು ಕಟ್ಟುತ್ತದೆ, ಹತ್ತನೇ ದಿನಕ್ಕೆ ಅರ್ಧ ಹಾಡು ಆಗುತ್ತದೆ. ರಾಣೆಬೆನ್ನೂರಿನ ಅಜ್ಜಿ ಮಾಡಿದ್ದೂ ಇದನ್ನೇ ಅಲ್ಲವಾ ಅಂತ ನಮ್ಮಲ್ಲಿ ಒಬ್ಬರು ಕೇಳಿದಾಗ ಉಳಿದಿಬ್ಬರು ಸುಮ್ಮನಾದೆವು. ನಾವು ಖುಷಿ ಆದಮೇಲೆ ಹಾಡೋರು. ಅವರು ಹಾಡಿ ಹಾಡಿ ಖುಷಿಯ ದಾರಿ ಕಾಯೋರು. ಬ್ಯಾಡಗಿಯವರ ವಾದ ಬೇರೆ: ಇದು ಬರೀ ಅಭ್ಯಾಸಬಲ, ಮೆದುಳಿನ ಕೆಲಸ, ಇದಕ್ಕೆ ದೇವರು ಯಾಕೆ ಬೇಕು? ಇರಬಹುದು. ಆ ಜಗಳ ಇನ್ನೂ ಮುಗಿದಿಲ್ಲ, ಮೆಸ್ಸಿನಲ್ಲಿ ನಡೀತಾ ಇದೆ.

1867ರಲ್ಲಿ ಪೌಲಿನ್ ಅವರ ತಂಗಿ ಜೂಲಿಯನ್ನು ಕಿಟೆಲ್ ಮದುವೆಯಾದರು. ಮತ್ತೆ ನಾಲ್ಕು ಮಕ್ಕಳಾದವು. ಮಿಷನರಿಗಳ ಮನೆಯಲ್ಲಿ ಇನ್ನೊಂದು ಸಂಕಟ ಇತ್ತು. ಮಕ್ಕಳು ಆರೇಳು ವರ್ಷಕ್ಕೆ ಬಂದರೆ ಶಾಲೆಗೆ ಅಂತ ಬಾಸೆಲ್‌ಗೆ ಕಳಿಸೋದು ಅಲ್ಲಿನ ಪದ್ಧತಿ. ಅದಕ್ಕಂತಲೇ ಅಲ್ಲಿ ಮಕ್ಕಳ ಮನೆ ಕಟ್ಟಿದ್ದರು. ಕಳಿಸಿದ ಮಗು ಮತ್ತೆ ಕಣ್ಣಿಗೆ ಬೀಳೋ ಹೊತ್ತಿಗೆ ಗುರುತೇ ಸಿಗದಷ್ಟು ಬೆಳೆದಿರುತ್ತಿತ್ತು. ನಾವು ಹಾವೇರಿಯಿಂದ ಹಾಸ್ಟೆಲ್ಲಿಗೆ ಬಂದು ಅಮ್ಮನ ಕೈ ರೊಟ್ಟಿ ನೆನೆಸಿ ಸ್ಟೇಟಸ್ ಹಾಕೋದು ಈಗ ಸ್ವಲ್ಪ ನಾಚಿಕೆ ಅನಿಸ್ತಿದೆ.

ಈ ನಡುವೆ ಕಿಟೆಲ್ ಕೈಯಲ್ಲಿ ಹಳಗನ್ನಡದ ಓಲೆಗರಿಗಳು ಬಂದವು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಒಂದು ವ್ಯಾಕರಣ, ಒಂದು ಛಂದಸ್ಸು. ಕೊಡಗಿನ ಮಡಿಕೇರಿಯಲ್ಲಿ ಇದ್ದಾಗ ಅಲ್ಲಿನ ಜನರ ನಂಬಿಕೆಗಳ ಬಗ್ಗೆ ಬರೆದರು. ಲಿಂಗಪೂಜೆಯ ಮೂಲದ ಬಗ್ಗೆ 1876ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ತಂದರು. ಇವನ್ನೆಲ್ಲ ನಾವು ಓದಿಲ್ಲ, ಓದಿದ್ದೇವೆ ಅಂತ ಬಿಲ್ಡಪ್ ಕೊಡೋದೂ ಇಲ್ಲ. ನಾವು ಕೈಯಲ್ಲಿ ಹಿಡಿದು ನೋಡಿದ್ದು ನಿಘಂಟು ಒಂದನ್ನೇ.

ಕನ್ನಡಕ್ಕೆ ಅವರಿಗಿಂತ ಮುಂಚೆ ನಿಘಂಟು ಇರಲಿಲ್ಲ ಅಂತಲ್ಲ. 1832ರಲ್ಲಿ, ಅಂದ್ರೆ ಕಿಟೆಲ್ ಹುಟ್ಟಿದ ವರ್ಷವೇ, ರೀವ್ ಅನ್ನೋರ ನಿಘಂಟು ಬಂದಿತ್ತು. ಸ್ಯಾಂಡರ್ಸನ್ ಅದನ್ನು 1858ರಲ್ಲಿ ತಿದ್ದಿ ತಂದಿದ್ದರು. ಮಿಷನ್ನಿಗೆ ಬೇಕಿದ್ದದ್ದು ಅದಕ್ಕಿಂತ ದೊಡ್ಡದು. ಆ ಕೆಲಸ ಕಿಟೆಲ್ ಹೆಗಲಿಗೆ ಬಿತ್ತು. ಎರಡು ದಶಕ ಅದೇ ಕೆಲಸ. ಎಲ್ಲಾ ಕಾವ್ಯ ಓದಬೇಕು, ಪದ ಎತ್ತಿ ಬರೆಯಬೇಕು, ಎಲ್ಲಿ ಬಂದಿದೆ ಅಂತ ಗುರುತು ಹಾಕಬೇಕು, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಅಣ್ಣತಮ್ಮಂದಿರು ಯಾರು ಅಂತ ಹುಡುಕಬೇಕು, ಪಂಡಿತರನ್ನು ಕೇಳಬೇಕು, ಸಂತೆಗೆ ಬಂದವರನ್ನೂ ಕೇಳಬೇಕು. ನಮಗೆ ಡೇಟಾಬೇಸ್ ಪಾಠದಲ್ಲಿ ಇಂಡೆಕ್ಸಿಂಗ್ ಅಂದ್ರೆ ನಿದ್ದೆ ಬರುತ್ತದೆ. ಅವರು ಅದನ್ನು ಕಾಗದ, ಮಸಿ, ಎಣ್ಣೆ ದೀಪ ಇಟ್ಟುಕೊಂಡು ಮಾಡಿದರು. ಒಂದು ಪದ ಜಾಗ ತಪ್ಪಿದರೆ ಮತ್ತೆ ಸಿಗೋದು ದೇವರ ಇಚ್ಛೆ.

ಲೆಕ್ಕ ಹಾಕಿ ನೋಡೋಣ, ನಮಗೆ ಬರೋದು ಅದೊಂದೇ. ನಿಘಂಟಿನಲ್ಲಿ ಸುಮಾರು 70,000 ಪದ, 1,752 ಪುಟ. ಪುಟಕ್ಕೆ ಸರಾಸರಿ ನಲವತ್ತು ಪದ. ಇಪ್ಪತ್ತು ವರ್ಷ ಅಂತ ಇಟ್ಟುಕೊಂಡರೆ ವರ್ಷಕ್ಕೆ 3,500, ದಿನಕ್ಕೆ ಹತ್ತರ ಹತ್ತಿರ. ಭಾನುವಾರ ಬಿಟ್ಟರೆ ಹನ್ನೊಂದು. ದಿನಕ್ಕೆ ಹನ್ನೊಂದು ಪದ ಅಂದ್ರೆ ಏನು ಮಹಾ ಅನಿಸಬಹುದು. ಒಂದು ವಾರ ಮಾಡಿ ನೋಡ್ರಿ. ನಾವು ಮಾಡಿ ನೋಡಿದೆವು. ನಮ್ಮ ಮೂರು ಊರಿನ ಮಾತುಗಳನ್ನು, ಮನೆಯಲ್ಲಿ ಆಡೋ, ಪುಸ್ತಕದಲ್ಲಿ ಇಲ್ಲದ ಮಾತುಗಳನ್ನು ದಿನಕ್ಕೆ ಹತ್ತು ಬರೆಯೋಣ ಅಂತ ಒಂದು ಶೀಟ್ ತೆರೆದೆವು. ಮೊದಲ ದಿನ ಮೂವತ್ತು ಬಂದವು. ನಾಲ್ಕನೇ ದಿನ ಎರಡು. ಐದನೇ ದಿನ ಇಂಟರ್ನಲ್ಸ್ ಅಂತ ನೆಪ ಸಿಕ್ಕಿತು. ಆ ಶೀಟ್ ಈಗಲೂ ಹಂಗೇ ಇದೆ, ನಲವತ್ತೊಂದು ಪದಕ್ಕೆ ನಿಂತಿದೆ.

ಕಿಟೆಲ್‌ಗೂ ನೆಪಗಳು ಬೇಕಾದಷ್ಟಿದ್ದವು. ಕಣ್ಣಿನ ತೊಂದರೆ, ತಲೆನೋವು. ದೀಪದ ಬೆಳಕಿನಲ್ಲಿ ಓಲೆಗರಿ ಓದಿದರೆ ಇನ್ನೇನಾಗುತ್ತದೆ? 1876ರಿಂದ 78ರವರೆಗೆ ನಮ್ಮ ಕಡೆಯೆಲ್ಲ ಭೀಕರ ಬರ ಬಿತ್ತು, ಹಳ್ಳಿಗಳೇ ಖಾಲಿಯಾದ ಕಾಲ ಅದು. 1877ರಲ್ಲಿ ಕಿಟೆಲ್ ಜರ್ಮನಿಗೆ ವಾಪಸ್ ಹೋದರು. ಅಲ್ಲೇ ಇದ್ದುಬಿಡಬಹುದಿತ್ತು, ಯಾರೂ ಬೈಯುತ್ತಿರಲಿಲ್ಲ. ಆದರೆ ನಿಘಂಟು ಅಲ್ಲಿ ಕೂತು ಮುಗಿಯೋ ಕೆಲಸ ಅಲ್ಲ. ಕೇಳೋಕೆ ಕನ್ನಡದ ಜನ ಬೇಕು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಬಂದರು. ಇನ್ನೂ ಒಂಬತ್ತು ವರ್ಷ ಇಲ್ಲಿ ಕೂತು ಮುಗಿಸಿ 1892ರಲ್ಲಿ ಹೋದರು.

ಇದನ್ನು ಅವರು ಪ್ರಾರ್ಥನೆ ಬೇರೆ, ಕೆಲಸ ಬೇರೆ ಅಂತ ಮಾಡಿರಲಾರರು ಅಂತ ನಮ್ಮ ಊಹೆ. ಬಾಸೆಲ್‌ನವರ ದಾರಿಯಲ್ಲಿ ದುಡಿಮೆಯೂ ಭಕ್ತಿಯೇ. ಕಾಯಕ ಅಂತ ನಾವು ಏನನ್ನು ಕರೀತೀವೋ ಅದಕ್ಕೆ ಭಾಳ ಹತ್ತಿರದ್ದು. ಬೆಳಗಿನ ವಾಕ್ಯ ಆಯ್ತು, ಹಾಡು ಆಯ್ತು, ಆಮೇಲೆ ಹನ್ನೊಂದು ಪದ. ಮಾರನೇ ದಿನ ಮತ್ತೆ ಅದೇ. ಇದರಲ್ಲಿ ಖುಷಿ ಇಲ್ಲದೆ ಇಪ್ಪತ್ತು ವರ್ಷ ತೆಗೆಯೋಕೆ ಆಗಲ್ಲ. ನಿಘಂಟಿನ ಪುಟ ತಿರುವಿದರೆ ಆ ಖುಷಿ ಕಾಣುತ್ತದೆ. ಪದದ ಅರ್ಥ ಕೊಟ್ಟು ಸುಮ್ಮನಾಗಬಹುದಿತ್ತು. ಇವರು ಅದರ ಕೆಳಗೆ ಗಾದೆ ಸೇರಿಸುತ್ತಾರೆ, ಬಸವಪುರಾಣದ ಸಾಲು ತರುತ್ತಾರೆ, ಜೈಮಿನಿಯಿಂದ ಎತ್ತುತ್ತಾರೆ. ಬೇರೆ ಧರ್ಮದ ಪುರಾಣವನ್ನು ಒಬ್ಬ ಪಾಸ್ಟರ್ ಸಾಲು ಸಾಲಾಗಿ ಓದಿ ಗುರುತು ಹಾಕಿದ್ದಾರೆ ಅನ್ನೋದೇ ಒಂದು ಕಥೆ. ಹೋಗಿಬಿಟ್ಟ ಹಳೆ ಅಕ್ಷರಗಳಾದ ಱ, ೞ ಎರಡನ್ನೂ ಬಿಡದೆ ಇಟ್ಟುಕೊಂಡಿದ್ದಾರೆ. ಮುನ್ನುಡಿಯಲ್ಲಿ ಇನ್ನೊಂದು ಧೈರ್ಯದ ಕೆಲಸ ಇದೆ. ಸಂಸ್ಕೃತದಲ್ಲಿರೋ ಕೆಲವು ಪದಗಳು ನಮ್ಮ ದ್ರಾವಿಡ ಭಾಷೆಗಳಿಂದಲೇ ಹೋಗಿರಬಹುದು ಅಂತ ಉದ್ದ ಪಟ್ಟಿ ಕೊಟ್ಟಿದ್ದಾರೆ. ಆಗ ಇಂಗ್ಲಿಷರು ನಮ್ಮ ಭಾಷೆಗೆ ಕ್ಯಾನರೀಸ್ ಅನ್ನುತ್ತಿದ್ದರು. ಕಿಟೆಲ್ ರಟ್ಟಿನ ಮೇಲೆ ಕನ್ನಡ ಅಂತಲೇ ಹಾಕಿಸಿದರು.

ನಮಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಒಂದು ಸಣ್ಣ ಗುರುತು. ಕೆಲವು ಪದಗಳ ಮುಂದೆ ಎಸ್. ಎಂಎಚ್‌ಆರ್. ಅಂತ ಮೂರ್ನಾಲ್ಕು ಅಕ್ಷರ ಇರುತ್ತದೆ. ಸದರ್ನ್ ಮರಾಠಾ, ಅಂದ್ರೆ ನಮ್ಮ ಸೀಮೆ. ಈ ಮಾತು ಮೈಸೂರಿನವರದಲ್ಲ, ಮಂಗಳೂರಿನವರದಲ್ಲ, ಧಾರವಾಡ ಕಡೆಯವರದು ಅಂತ ತಿಳಿಸೋ ಗುರುತು. ಬೆಂಗಳೂರಿಗೆ ಹೋದಾಗ ನಮ್ಮ ಮಾತು ಕೇಳಿ ನಕ್ಕವರು ಇದ್ದಾರೆ. ಟಿವಿಯಲ್ಲಿ ನಮ್ಮ ಭಾಷೆ ಬಂದರೆ ಅದು ಕಾಮಿಡಿ ಪಾತ್ರಕ್ಕೆ. ಆದರೆ 1894ರಲ್ಲೇ ಒಬ್ಬರು ನಮ್ಮ ಮಾತಿಗೂ ನಿಘಂಟಿನಲ್ಲಿ ಸೀಟು ಕೊಟ್ಟು, ಊರಿನ ಹೆಸರು ಬರೆದು ಕೂರಿಸಿದ್ದಾರೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಕುದುರೆ ಬಿಟ್ಟು ನಡೆದದ್ದಕ್ಕೆ ಸಿಕ್ಕ ಫಲ ಇದು ಅಂತ ನಾವು ತಿಳಿದುಕೊಂಡಿದ್ದೇವೆ. ಅವತ್ತು ಅವರನ್ನು ವಿಚಿತ್ರ ಅಂದವರ ಹೆಸರು ಹುಡುಕಿದರೂ ಸಿಗಲ್ಲ.

ಒಂದು ಮಾತು ಮುಚ್ಚಿಡಬಾರದು. ಕಿಟೆಲ್ ಬಂದಿದ್ದು ನಿಘಂಟು ಬರೆಯೋಕೆ ಅಲ್ಲ, ಧರ್ಮ ಪ್ರಚಾರಕ್ಕೆ. ಇಂಗ್ಲಿಷರ ಆಳ್ವಿಕೆಯ ನೆರಳಿನಲ್ಲೇ ಅವರ ಕೆಲಸ ನಡೆದದ್ದು. ಇಲ್ಲಿನ ದೇವರು, ಪೂಜೆಗಳ ಬಗ್ಗೆ ಅವರು ಬರೆದದ್ದೆಲ್ಲ ಎಲ್ಲರೂ ಒಪ್ಪೋ ಹಂಗಿಲ್ಲ. ನಮ್ಮ ಕ್ಲಬ್ಬಿನಲ್ಲೇ ಇವರ ಬಗ್ಗೆ ಬರೆಯೋದು ಬೇಕಾ ಅಂತ ಕೇಳಿದವರಿದ್ದರು. ಕೇಳಿದ್ದು ತಪ್ಪಲ್ಲ. ನಮ್ಮ ಉತ್ತರ ಇಷ್ಟೇ: ಮಿಷನ್ನಿನವರು ಯಾವ ಲೆಕ್ಕ ಇಟ್ಟುಕೊಂಡು ಅವರನ್ನು ಕಳಿಸಿದ್ದರೋ ಆ ಲೆಕ್ಕದಲ್ಲಿ ಅವರ ಹೆಸರು ಉಳಿದಿಲ್ಲ. ಲೆಕ್ಕದಲ್ಲಿ ಇಲ್ಲದ ಕೆಲಸದಿಂದ ಉಳಿದಿದೆ.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕಿಟೆಲ್ ಆಗ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಅರವತ್ತೆರಡು ವರ್ಷ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಾದ ಮೇಲಾದರೂ ಆರಾಮ ತಗೋಬಹುದಿತ್ತು. ಇಲ್ಲ, ವ್ಯಾಕರಣ ಬರೆಯೋಕೆ ಕೂತರು. ಅದು 1903ರಲ್ಲಿ ಅಚ್ಚಾಯ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ಗೆ ಒಂದು ವಾರ ಇರುವಾಗ, ತೀರಿಕೊಂಡರು. ಮದ್ರಾಸ್ ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರ ಕೈಯಿಂದ ನಿಘಂಟನ್ನು ಬೆಳೆಸಿ 1968ರಿಂದ 71ರ ನಡುವೆ ನಾಲ್ಕು ಸಂಪುಟವಾಗಿ ತಂದರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಪ್ರತಿಮೆ ಇದೆ. ನಮ್ಮಲ್ಲಿ ಒಬ್ಬರು ಅದರ ಮುಂದೆ ಎಷ್ಟೋ ಸಲ ಹೋಗಿದ್ದಾರೆ, ಯಾರೋ ಇಂಗ್ಲಿಷ್ ಸಾಹೇಬ ಅಂದುಕೊಂಡಿದ್ದರಂತೆ!

ಇನ್ನೊಬ್ಬರ ಹೆಸರು ಹೇಳದಿದ್ದರೆ ನಮ್ಮ ಜಿಲ್ಲೆಯವರು ನಮ್ಮನ್ನು ಬಿಡಲ್ಲ. ಅದೇ ಬಾಸೆಲ್ ಮಿಷನ್ನಿನ ನೆರಳಲ್ಲಿ ಬೆಳೆದು ಪಾಸ್ಟರ್ ಆದವರು ಉತ್ತಂಗಿ ಚನ್ನಪ್ಪನವರು. ಕಿಟೆಲ್ ಪದ ಹೆಕ್ಕಿದಂಗೆ ಇವರು ಸರ್ವಜ್ಞನ ತ್ರಿಪದಿ ಹೆಕ್ಕಿದರು. ಅಬಲೂರು, ಮಾಸೂರು ಅಂತ ನಮ್ಮ ಜಿಲ್ಲೆಯ ಊರುಗಳ ಜೊತೆ ಸರ್ವಜ್ಞನ ಹೆಸರು ಅಂಟಿಕೊಂಡಿದೆ ಅಲ್ಲ, ಆ ಸರ್ವಜ್ಞ ಇವತ್ತು ನಮ್ಮ ಪಠ್ಯದಲ್ಲಿ, ಬಸ್ಸಿನ ಬೋರ್ಡಿನಲ್ಲಿ ಇರೋದಕ್ಕೆ 1924ರಲ್ಲಿ ಬಂದ ಅವರ ಸಂಗ್ರಹ ದೊಡ್ಡ ಕಾರಣ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಬಗ್ಗೆ ಮುಂದಿನ ಸಂಚಿಕೆಗೆ ಯಾರಾದರೂ ಬರೀರಿ. ನಮ್ಮ ಪಾಳಿ ಮುಗೀತು.

ಕಳೆದ ತಿಂಗಳು ಗೆಳತಿಯ ಮನೆಗೆ ಮತ್ತೆ ಹೋಗಿದ್ದೆವು. ಈ ಬರಹದ ಕರಡು ಓದಿ ಹೇಳಿದೆವು. ಅಜ್ಜಿ ಪೂರ್ತಿ ಕೇಳಿದರು. ಪೌಲಿನ್ ತೀರಿಕೊಂಡ ಕಡೆ ಕಣ್ಣು ಒರೆಸಿಕೊಂಡರು. ಆಮೇಲೆ, ಇಷ್ಟು ಕಷ್ಟ ಬಂದರೂ ಆ ಮನುಷ್ಯ ಹಿಗ್ಗು ಬಿಟ್ಟುಕೊಡಲಿಲ್ಲ ನೋಡು ಅಂತ ಗೆಳತಿಗೆ ಹೇಳಿದರು. ನಮಗೆ ಆ ಪದ ಸಿಕ್ಕಿತು. ಕಪಾಟಿನಿಂದ ದಪ್ಪ ಪುಸ್ತಕ ಇಳಿಸಿ ಹಕಾರಕ್ಕೆ ಹೋದೆವು. ಸಂತೋಷ ಪಡೋದು ಅನ್ನೋದೂ ಹಿಗ್ಗೇ, ಅಗಲ ಆಗೋದು, ಉಬ್ಬೋದು ಅನ್ನೋದೂ ಹಿಗ್ಗೇ. ಕಾದ ಕಬ್ಬಿಣ ಹಿಗ್ಗುತ್ತದೆ ಅಂತ ಕನ್ನಡ ಮೀಡಿಯಂನವರು ಸೈನ್ಸಿನಲ್ಲಿ ಓದುತ್ತಾರಂತೆ, ಅದೇ ಪದ. ಮೆಕ್ಯಾನಿಕಲ್ ಓದೋ ನಮ್ಮ ಬ್ಯಾಡಗಿಯವರು ಹಂಗಾದರೆ ಹಿಗ್ಗಬೇಕು ಅಂದ್ರೆ ಮೊದಲು ಕಾಯಬೇಕು ಅಂತ ತಮಾಷೆ ಮಾಡಿದರು. ಅಜ್ಜಿ ಜೋರಾಗಿ ನಕ್ಕರು. ಅಷ್ಟರಲ್ಲಿ ಏಳು ಗಂಟೆಯಾಯ್ತು. ಪುಸ್ತಕ ಮುಚ್ಚಿ, ಹಾಡಿನ ಪುಸ್ತಕ ಅವರ ಕೈಗೆ ಕೊಟ್ಟೆವು.